ಕೆಲಸ ಕೊಡುವ ಮುಂಚೆ ಎಚ್‌ಐವಿ ಪರೀಕ್ಷೆ ಮಾಡಿಸಬೇಕಾ?

ಪ್ರಶ್ನೆ: ನಾನು ಕೊಡಗಿನ ಸಿದ್ದಾಪುರ ಕಡೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಪ್ರತಿ ವರ್ಷ ಡಿಸೆಂಬರ್ 1ಕ್ಕೆ ನಮ್ಮಲ್ಲಿ ಕಾಲೇಜು ಮಕ್ಕಳ ಜಾಥಾ ಆಗುತ್ತದೆ, ಕೆಂಪು ರಿಬ್ಬನ್ ಹಂಚುತ್ತಾರೆ, ಅಲ್ಲಿಗೆ ಮುಗೀತು. ಬೆಂಗಳೂರು, ಮೈಸೂರಿನಲ್ಲಿ ಸರ್ಕಾರ ಇನ್ನೂ ಏನೇನೋ ಮಾಡುತ್ತದೆ ಅಂತ ಕೇಳಿದ್ದೇನೆ. ಅದರಲ್ಲಿ ಹಳ್ಳಿಗೆ, ತೋಟಕ್ಕೆ ಬರುವುದು ಏನು? ಈ ಸಲ ಕಾಫಿ ಕೊಯ್ಲಿಗೆ ಹೊರಗಿನ ಕಾರ್ಮಿಕರು ಜಾಸ್ತಿ ಬಂದಿದ್ದಾರೆ. ಕೆಲಸಕ್ಕೆ ಹಚ್ಚುವ ಮುಂಚೆ ಅವರಿಗೆಲ್ಲ ಎಚ್‌ಐವಿ ಪರೀಕ್ಷೆ ಕಡ್ಡಾಯ ಮಾಡೋಣ ಅಂತ ಸಭೆಯಲ್ಲಿ ಕೆಲವರು ಹೇಳಿದರು. ನನಗೂ ಸರಿ ಅನ್ನಿಸಿತು. ಇನ್ನೊಂದು ಮಾತು. ನಮ್ಮ ವಾರ್ಡಿನ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಹೆಂಗಸೊಬ್ಬರು ಈ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದಾರೆ ಅಂತ ಕಿವಿಗೆ ಬಿತ್ತು. ತೋಟದ ಲೆಕ್ಕ, ಹಾಜರಿ ಬರೆಯುವ ರೈಟರಿಗೆ ತಿಳಿಸಬೇಕಾ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ, ಅದು ಕಾಯುವ ವಿಷಯವಲ್ಲ. ತಿಳಿಸಬೇಡಿ. ರೈಟರಿಗೂ ಬೇಡ, ಮೇಸ್ತ್ರಿಗೂ ಬೇಡ, ನಿಮ್ಮ ಮನೆಯವರಿಗೂ ಬೇಡ. ಕಿವಿಗೆ ಬಿದ್ದದ್ದು ನಿಮ್ಮಲ್ಲೇ ಉಳಿಯಲಿ.

ಆ ತಾಯಿ ಮಾತ್ರೆ ತಗೊಳ್ಳುತ್ತಿದ್ದಾರೆ ಅಂದರೆ ಸಮಾಧಾನ ಪಡಬೇಕಾದ ಸುದ್ದಿ. ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿದರೆ ಕೆಲವು ತಿಂಗಳಲ್ಲಿ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಆ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. ಇನ್ನು ಜೊತೆಯಲ್ಲಿ ಕಾಫಿ ಕೊಯ್ಯುವುದು, ಒಂದೇ ತಟ್ಟೆಯಲ್ಲಿ ಉಣ್ಣುವುದು, ಮಗು ಎತ್ತಿಕೊಳ್ಳುವುದು, ಇದರಿಂದ ಯಾವತ್ತೂ ಹರಡಿಲ್ಲ. ಸೊಳ್ಳೆಯಿಂದಲೂ ಇಲ್ಲ. ಮಳೆಗಾಲದಲ್ಲಿ ತೋಟದವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಜಿಗಣೆಯದು: ಅವರ ಕಾಲಿಗೆ ಕಚ್ಚಿದ ಜಿಗಣೆ ನನ್ನ ಕಾಲಿಗೂ ಕಚ್ಚಿದರೆ? ಹಾಗೆ ಬಂದದ್ದು ಎಲ್ಲೂ ಕಂಡುಬಂದಿಲ್ಲ.

ನಾನು ಸರ್ಕಾರಿ ಪರೀಕ್ಷಾ ಕೇಂದ್ರದಲ್ಲಿ ಆಪ್ತ ಸಮಾಲೋಚಕಿಯಾಗಿ ವರ್ಷಗಟ್ಟಲೆ ಕೂತವಳು. ಗುಟ್ಟು ಅನ್ನುವುದು ಎಷ್ಟು ಭಾರ ಅಂತ ನನಗೆ ಕಲಿಸಿದ್ದು ಒಂದು ಅಕ್ಕಿ ಡ್ರಮ್ಮು. ಲೈನ್ ಮನೆಯಿಂದ ಒಬ್ಬರು ಬರುತ್ತಿದ್ದರು. ಈ ಮಾತ್ರೆ ಬರುವುದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಂದಕ್ಕೆ 30. ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಲೈನ್ ಮನೆಯ ಗೋಡೆ ನಿಮಗೆ ಗೊತ್ತಲ್ಲ, ಈಚೆ ಕೆಮ್ಮಿದರೆ ಆಚೆ ಕೇಳುತ್ತದೆ. ಅವರು ಡಬ್ಬಿಯ ಚೀಟಿ ಕೆರೆದು ತೆಗೆದು, ಒಳಗೆ ಹತ್ತಿ ತುರುಕಿ, ಅಕ್ಕಿ ಡ್ರಮ್ಮಿನ ತಳದಲ್ಲಿ ಹುಗಿದಿಡುತ್ತಿದ್ದರು. ಎಲ್ಲರೂ ಮಲಗಿದ ಮೇಲೆ ಕೈ ಹಾಕಿ ತೆಗೆಯಬೇಕು. ಪ್ರತಿ ತಿಂಗಳೂ ಅವರ ಡಬ್ಬಿಯಲ್ಲಿ ಮೂರು ನಾಲ್ಕು ಮಾತ್ರೆ ಉಳಿದಿರುತ್ತಿತ್ತು. ಯಾಕೆ ಅಂತ ಕೇಳಿದರೆ ಮರೆತೆ ಅನ್ನುತ್ತಿದ್ದರು. ಒಂದು ದಿನ ಅತ್ತುಬಿಟ್ಟು ಹೇಳಿದರು: ರೇಷನ್ ಬಂದ ವಾರ ಡ್ರಮ್ಮು ತುಂಬಿರುತ್ತೆ ಅಕ್ಕ, ಸದ್ದಾಗದ ಹಾಗೆ ತಳಕ್ಕೆ ಕೈ ಹೋಗಲ್ಲ.

ಮಾತ್ರೆ ತಪ್ಪಿದರೆ ವೈರಸ್ಸು ಮತ್ತೆ ಏಳುತ್ತದೆ, ಕೆಲವೊಮ್ಮೆ ಆ ಮಾತ್ರೆಗೆ ಬಗ್ಗದ ಹಾಗೆ ಏಳುತ್ತದೆ. ಅಂದರೆ ಊರಿನ ಪಿಸುಮಾತು ನೇರವಾಗಿ ಊರಿನ ಸೋಂಕಾಗುತ್ತದೆ. ಈಗ ಪರೀಕ್ಷೆ ಕಡ್ಡಾಯ ಮಾಡುವ ವಿಷಯ ನೋಡೋಣ.

ಮೊದಲು ಕಾನೂನು. ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಕೇಳುವಂತಿಲ್ಲ. ವಿವರಿಸಿ ಹೇಳಿ, ಒಪ್ಪಿಗೆ ಪಡೆಯದೆ ಯಾರ ರಕ್ತವನ್ನೂ ಇದಕ್ಕಾಗಿ ಪರೀಕ್ಷಿಸುವಂತಿಲ್ಲ. ಎಚ್‌ಐವಿ ಇದೆ ಅಂತ ಕೆಲಸದಿಂದ, ಬಾಡಿಗೆ ಮನೆಯಿಂದ, ಶಾಲೆಯಿಂದ, ಆಸ್ಪತ್ರೆಯಿಂದ ಹೊರಗೆ ಹಾಕುವಂತಿಲ್ಲ. ಎಚ್‌ಐವಿ ಇರುವವರ ಮೇಲೆ ದ್ವೇಷ ಹರಡಿದರೆ 3 ತಿಂಗಳಿಂದ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಪಂಚಾಯಿತಿ ಇಂಥ ನಿರ್ಣಯ ಬರೆದರೆ ಕಾನೂನಿನ ಮುಂದೆ ನಿಲ್ಲುವುದೇ ಇಲ್ಲ.

ಕಾನೂನು ಪಕ್ಕಕ್ಕಿಡಿ. ಕಡ್ಡಾಯ ಪರೀಕ್ಷೆಯಿಂದ ನೀವು ಅಂದುಕೊಂಡ ಲಾಭವೂ ಸಿಗುವುದಿಲ್ಲ. ಸೋಂಕು ತಗುಲಿದ ತಕ್ಷಣ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ, ಕೆಲವು ವಾರ ಬೇಕು, ಅದಕ್ಕೇ ಮೂರು ತಿಂಗಳ ನಂತರ ಮತ್ತೊಮ್ಮೆ ಬನ್ನಿ ಅನ್ನುತ್ತೇವೆ. ಡಿಸೆಂಬರಿನಲ್ಲಿ 'ಇಲ್ಲ' ಅಂತ ಬಂದವರಿಗೆ ಜನವರಿಯಲ್ಲಿ ತಗುಲಬಹುದು. ಈಗಾಗಲೇ ಮಾತ್ರೆಯಲ್ಲಿರುವವರು ಕೆಲಸ ಹೋಗುತ್ತದೆ ಅಂತ ಹೆದರಿ ಆ ತೋಟಕ್ಕೆ ಬರುವುದೇ ಇಲ್ಲ, ಇಲ್ಲಾ ಮಾತ್ರೆ ಬಿಟ್ಟು ಬರುತ್ತಾರೆ. ನಿಮಗೆ ಉಳಿಯುವುದು ಒಂದು ಫೈಲು, ಅದರಲ್ಲಿ 'ಎಲ್ಲ ಸರಿ ಇದೆ' ಅನ್ನುವ ಸುಳ್ಳು ಧೈರ್ಯ.

ಇನ್ನೊಂದು ಮಾತು ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಹೊರಗಿನವರು ರೋಗ ತರುತ್ತಾರೆ ಅನ್ನುವ ಲೆಕ್ಕವೇ ತಪ್ಪು. ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದ ಹುಡುಗ ತಿಂಗಳುಗಟ್ಟಲೆ ಮನೆ ಬಿಟ್ಟು ಇರುತ್ತಾನೆ, ಭಾಷೆ ಬರುವುದಿಲ್ಲ, ಯಾರನ್ನು ಕೇಳಬೇಕು ಗೊತ್ತಿಲ್ಲ. ಅಪಾಯ ಹುಟ್ಟುವುದು ಆ ಪರಿಸ್ಥಿತಿಯಿಂದ. ಕೊಡಗಿನ ಹುಡುಗರೂ ಬೆಂಗಳೂರಿಗೆ, ಕೇರಳಕ್ಕೆ, ಗಲ್ಫಿಗೆ ಹೋಗಿ ಹಾಗೇ ಇರುತ್ತಾರಲ್ವಾ? ಅವರನ್ನು ಹಬ್ಬಕ್ಕೆ ಊರಿಗೆ ಬಂದಾಗ ತಡೆದು ರಕ್ತ ತೆಗೆಯೋಣ ಅಂತ ಯಾವ ಸಭೆಯಲ್ಲೂ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇನ್ನು ಪೇಟೆಗೆ ಏನು, ಹಳ್ಳಿಗೆ ಏನು ಅನ್ನುವ ಪ್ರಶ್ನೆ. ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ ಶುರುವಾಯಿತು. ರಾಜ್ಯದಲ್ಲಿ ಈ ಕೆಲಸ ನೋಡುವುದು ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ. ಮೊದಮೊದಲು ಗೋಡೆ ಮೇಲೆ ತಲೆಬುರುಡೆ ಬರೆದು, ಏಡ್ಸ್ ಅಂದರೆ ಸಾವು ಅಂತ ಹೆದರಿಸುತ್ತಿದ್ದರು. ಆ ಭಯ ಇನ್ನೂ ನಮ್ಮ ಹಿರಿಯರ ತಲೆಯಲ್ಲಿ ಕೂತಿದೆ. ಮಾತ್ರೆ ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಿಂದ. ಅಲ್ಲಿಂದ ಈಚೆಗೆ ಇದು ಸಕ್ಕರೆ ಕಾಯಿಲೆ ಹಾಗೆ ಜೀವನಪೂರ್ತಿ ಮಾತ್ರೆ ತಗೊಂಡು ಬಾಳಬಹುದಾದ ಕಾಯಿಲೆ ಆಯಿತು. 2017ರಿಂದ ಇನ್ನೊಂದು ಬದಲಾವಣೆ: ಮೊದಲಿನ ಹಾಗೆ ರೋಗನಿರೋಧಕ ಶಕ್ತಿ ಕುಗ್ಗುವವರೆಗೆ ಕಾಯುವುದಿಲ್ಲ. ಸೋಂಕು ಖಚಿತವಾದ ಕೂಡಲೇ ಎಲ್ಲರಿಗೂ ಚಿಕಿತ್ಸೆ.

ಪೇಟೆಯಲ್ಲಿ ಸರ್ಕಾರ ಹಿಡಿದ ದಾರಿ ಹೀಗಿದೆ. ಯಾರಿಗೆ ಅಪಾಯ ಜಾಸ್ತಿಯೋ ಅವರ ಹತ್ತಿರವೇ ಹೋಗುವುದು. ಲೈಂಗಿಕ ವೃತ್ತಿಯ ಮಹಿಳೆಯರು, ಪುರುಷರೊಡನೆ ಸಂಪರ್ಕವಿರುವ ಪುರುಷರು, ಲಿಂಗತ್ವ ಅಲ್ಪಸಂಖ್ಯಾತರು, ಸೂಜಿಯಲ್ಲಿ ಮಾದಕವಸ್ತು ಚುಚ್ಚಿಕೊಳ್ಳುವವರು, ಜೊತೆಗೆ ಲಾರಿ ಚಾಲಕರು, ವಲಸೆ ಕಾರ್ಮಿಕರು. ಇವರೆಲ್ಲ ಬಸ್ ನಿಲ್ದಾಣ, ಲಾಡ್ಜು, ಲಾರಿ ನಿಲ್ದಾಣ ಅಂತ ಕೆಲವೇ ಜಾಗಗಳಲ್ಲಿ ಸಿಗುತ್ತಾರೆ. ಅಲ್ಲಿಗೆ ಅವರದೇ ಸಮುದಾಯದವರು ಕಾಂಡೋಮ್ ಹಿಡಿದು ಹೋಗುತ್ತಾರೆ, ಗುಪ್ತರೋಗದ ತಪಾಸಣೆಗೆ ಕರೆತರುತ್ತಾರೆ, ಆರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ ಮಾಡಿಸುತ್ತಾರೆ. ಆಸ್ಪತ್ರೆಯವರು ಹೇಳಿದರೆ ತಲೆಯಾಡಿಸಿ ಹೋಗುವವರು, ತಮ್ಮಂಥವರೇ ಹೇಳಿದರೆ ಕೇಳುತ್ತಾರೆ. ಮೈಸೂರಿನ ಅಶೋದಯ ಸಮಿತಿ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಲೈಂಗಿಕ ವೃತ್ತಿಯಲ್ಲಿರುವವರೇ ಸಂಘ ಕಟ್ಟಿ ಈ ಕೆಲಸ ಮಾಡಿಕೊಂಡು ಬಂದಿದ್ದಾರೆ. ದೇಶದಲ್ಲಿ 2010ರಿಂದ ಈಚೆಗೆ ಹೊಸ ಸೋಂಕು ಶೇ 40ಕ್ಕಿಂತ ಜಾಸ್ತಿ ಇಳಿದಿದೆ. ಅದರಲ್ಲಿ ಇಂಥವರ ಪಾಲು ದೊಡ್ಡದು ಅಂತ ನಾನು ನಂಬುತ್ತೇನೆ. ಈಗ ಪೇಟೆಯಲ್ಲೂ ಹಳೆಯ ಜಾಗಗಳು ಖಾಲಿಯಾಗುತ್ತಿವೆ, ಎಲ್ಲ ಫೋನಿನಲ್ಲೇ ನಡೆಯುತ್ತದೆ. ಹಾಗಾಗಿ ಕಾರ್ಯಕ್ರಮವೂ ಫೋನಿಗೆ ಹೋಗಬೇಕಾಗಿದೆ.

ಹಳ್ಳಿಯಲ್ಲಿ ಅಂಥ ಜಾಗಗಳಿಲ್ಲ, ಜನ ಚದುರಿಕೊಂಡಿದ್ದಾರೆ. ಎಲ್ಲರಿಗೂ ಎಲ್ಲರೂ ಗೊತ್ತು. ಆದ್ದರಿಂದ ಇಲ್ಲಿ ಬೇರೆ ದಾರಿ. ಆಯ್ದ ಜಿಲ್ಲೆಗಳಲ್ಲಿ ಲಿಂಕ್ ವರ್ಕರ್ ಯೋಜನೆ ಇದೆ, ಒಂದಷ್ಟು ಹಳ್ಳಿಗಳಿಗೆ ಒಬ್ಬರಂತೆ ಊರಿನವರೇ ಕೆಲಸ ಮಾಡುತ್ತಾರೆ. ಉಳಿದ ಕಡೆ ಭಾರ ಬೀಳುವುದು ಆಶಾ ಕಾರ್ಯಕರ್ತೆಯರ ಮೇಲೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಲೆ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಒಂದು ಕಿಟ್‌ನಲ್ಲಿ ನೋಡುವ ವ್ಯವಸ್ಥೆ ಈಗ ಆರೋಗ್ಯ ಕೇಂದ್ರದ ಮಟ್ಟಕ್ಕೂ ಬಂದಿದೆ. ಅರ್ಧ ಗಂಟೆಯೂ ಬೇಡ. ಅದರಲ್ಲಿ ಸೋಂಕು ತೋರಿಸುವ ಗೆರೆ ಬಂತು ಅಂದ ಮಾತ್ರಕ್ಕೆ ಎಚ್‌ಐವಿ ಇದೆ ಅಂತಲ್ಲ, ಇದನ್ನು ದಯವಿಟ್ಟು ಎಲ್ಲರಿಗೂ ಹೇಳಿ. ಐಸಿಟಿಸಿ ಅನ್ನುವ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿ, ಮೂರೂ ಒಂದೇ ಹೇಳಿದರೆ ಮಾತ್ರ ಖಚಿತ. ಆಮೇಲೆ ಎಆರ್‌ಟಿ, ಅಂದರೆ ಎಚ್‌ಐವಿ ಚಿಕಿತ್ಸೆಯ ಕೇಂದ್ರ, ಅಲ್ಲಿಂದ ಮಾತ್ರೆ. ಎಲ್ಲವೂ ಉಚಿತ.

ಹಳ್ಳಿಯಲ್ಲಿ ನಿಜಕ್ಕೂ ಚೆನ್ನಾಗಿ ನಡೆದ ಕೆಲಸ ಅಂದರೆ ಬಸುರಿಯರ ಪರೀಕ್ಷೆ. ತಾಯಿ ಕಾರ್ಡ್ ಮಾಡಿಸುವಾಗಲೇ ಎಚ್‌ಐವಿ, ಸಿಫಿಲಿಸ್ ಎರಡನ್ನೂ ನೋಡುತ್ತಾರೆ. ಏನೂ ಮಾಡದೆ ಬಿಟ್ಟರೆ ಎಚ್‌ಐವಿ ಇರುವ ತಾಯಂದಿರ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ಬರಬಹುದು. ತಾಯಿ ಬಸುರಿಯಿದ್ದಾಗಲೇ ಮಾತ್ರೆ ಶುರು ಮಾಡಿ, ಹುಟ್ಟಿದ ಮಗುವಿಗೂ ಕೆಲವು ವಾರ ಔಷಧಿ ಕೊಟ್ಟರೆ 5ಕ್ಕಿಂತ ಕೆಳಗೆ ಇಳಿಯುತ್ತದೆ. ಆರು ವಾರಕ್ಕೆ ಮಗುವಿನ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು, ಕಾಗದದ ಮೇಲೆ ಒಣಗಿಸಿ ಕಳಿಸುತ್ತೇವೆ. ಹದಿನೆಂಟು ತಿಂಗಳಿಗೆ ಕೊನೆಯ ಪರೀಕ್ಷೆ. ಆ ಹದಿನೆಂಟು ತಿಂಗಳು ತಾಯಂದಿರು ದಿನ ಎಣಿಸುವುದನ್ನು ನಾನು ನೋಡಿದ್ದೇನೆ. 'ಮಗುವಿಗೆ ಇಲ್ಲ' ಅಂತ ಹೇಳಿದ ದಿನ ಒಬ್ಬರು ನನ್ನ ಮೇಜಿನ ಮೇಲೆ ತಲೆಯಿಟ್ಟು, ಮಗುವಿನ ಕಾಲು ಹಿಡಿದುಕೊಂಡೇ ಎಷ್ಟೋ ಹೊತ್ತು ಕೂತಿದ್ದರು. ಮಗು ನನ್ನ ಪೆನ್ನು ಕಿತ್ತುಕೊಂಡು ಆಡುತ್ತಿತ್ತು.

ಈಗ ಕೊಡಗಿನ ತೊಂದರೆ. ನಮ್ಮ ತೋಟ ಪೇಟೆಯೂ ಅಲ್ಲ, ಹಳ್ಳಿಯೂ ಅಲ್ಲ. ಜನ ಒಟ್ಟೊಟ್ಟಿಗೆ ಇರುತ್ತಾರೆ ಪೇಟೆಯ ಹಾಗೆ. ಆದರೆ ರಸ್ತೆಯಿಂದ ದೂರ, ಆಸ್ಪತ್ರೆಯಿಂದ ದೂರ, ಹಳ್ಳಿಗಿಂತಲೂ ದೂರ. ಕೊಯ್ಲು ಮುಗಿದ ಮೇಲೆ ಅರ್ಧ ಜನ ಇರುವುದಿಲ್ಲ. ಪೇಟೆಯ ಕಾರ್ಯಕ್ರಮಕ್ಕೆ ತೋಟದ ಗೇಟು ಅಡ್ಡ, ಹಳ್ಳಿಯ ಕಾರ್ಯಕ್ರಮಕ್ಕೆ ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅಸ್ಸಾಮಿನ ಬಸುರಿಗೆ ತಾಯಿ ಕಾರ್ಡೇ ಇರುವುದಿಲ್ಲ. ಹಾಡಿಯಿಂದ ತೋಟಕ್ಕೆ, ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ಇಲ್ಲಿನ ಬುಡಕಟ್ಟಿನ ಯರವರು, ಜೇನುಕುರುಬರೂ ಹೀಗೇ ಕೈತಪ್ಪುತ್ತಾರೆ. ನೀವು ಕೇಳಿದ 'ನಮಗೆ ಬರುವುದು ಏನು' ಅನ್ನುವುದಕ್ಕೆ ನನ್ನ ಉತ್ತರ ಇಷ್ಟೇ: ಯೋಜನೆ ಇದೆ, ಪರೀಕ್ಷೆ ಇದೆ, ಮಾತ್ರೆ ಇದೆ. ಗೇಟು ದಾಟಿಸುವವರು ಬೇಕು. ಆ ಕೆಲಸ ಪಂಚಾಯಿತಿ ಮಾಡಬಹುದು.

ಆದರೆ ಹೇಗೆ ಮಾಡುತ್ತೀರಿ ಅನ್ನುವುದರಲ್ಲಿ ಎಲ್ಲ ಇದೆ. ಹಲವು ವರ್ಷದ ಹಿಂದೆ ಒಂದು ತೋಟದಲ್ಲಿ ಶಿಬಿರಕ್ಕೆ ಹೋಗಿದ್ದೆ. ಒಳ್ಳೆಯ ಮನಸ್ಸಿನಿಂದಲೇ ಕರೆದಿದ್ದರು. ಬೆಳಿಗ್ಗೆ ಮಸ್ಟರ್ ಹೊತ್ತಿಗೆ, ಹಾಜರಿ ಕೂಗುವ ಮೇಜಿನ ಪಕ್ಕದಲ್ಲೇ ನಮ್ಮ ಮೇಜು ಹಾಕಿದ್ದರು. ಬ್ಯಾನರಿನಲ್ಲಿ ದೊಡ್ಡದಾಗಿ 'ಎಚ್‌ಐವಿ ತಪಾಸಣೆ'. ಹೆಸರು ಕೂಗಿದವರು ಬಂದು ಬೆರಳು ಕೊಟ್ಟು ಹೋಗುತ್ತಿದ್ದರು. ಬೇಡ ಅನ್ನಲು ಯಾರಿಗೆ ಧೈರ್ಯ ಬರುತ್ತದೆ, ಹಾಜರಿ ಬರೆಯುವವರು ಪಕ್ಕದಲ್ಲೇ ಕೂತಿರುವಾಗ? ಆಮೇಲೆ ಇಬ್ಬರನ್ನು 'ಸ್ವಲ್ಪ ನಿಲ್ಲಿ' ಅಂದೆವು. ಒಬ್ಬರ ರಕ್ತ ಸಾಲದೆ ಮತ್ತೆ ತೆಗೆಯಬೇಕಿತ್ತು ಅಷ್ಟೇ. ಆದರೆ ಸಾಲಿನಲ್ಲಿದ್ದ ಎಲ್ಲರ ಕಣ್ಣೂ ಆ ಇಬ್ಬರ ಮೇಲೆ. ಮುಂದಿನ ಸಲ ಹೋದಾಗ ಲೈನಿನಿಂದ ಒಬ್ಬರೂ ಹೊರಗೆ ಬರಲಿಲ್ಲ. ತಪ್ಪು ನಮ್ಮದು. ಆ ಮೇಜು ಅಲ್ಲಿ ಬೇಡ ಅಂತ ನಾನು ಹೇಳಬೇಕಿತ್ತು, ಹೇಳಲಿಲ್ಲ.

ಅದಾದ ಮೇಲೆ ನಾವು ಕಲಿತದ್ದನ್ನು ಹೇಳುತ್ತೇನೆ. ಎಚ್‌ಐವಿ ಶಿಬಿರ ಅಂತ ಮಾಡಲೇಬೇಡಿ. ಆರೋಗ್ಯ ತಪಾಸಣೆ ಅಂತ ಮಾಡಿ. ಬಿಪಿ, ಶುಗರ್, ಎರಡು ವಾರದ ಕೆಮ್ಮಿದ್ದವರಿಗೆ ಕಫ ಪರೀಕ್ಷೆ, ಹೆಂಗಸರಿಗೆ ರಕ್ತಹೀನತೆ, ಇವುಗಳ ನಡುವೆ ಎಚ್‌ಐವಿ, ಸಿಫಿಲಿಸ್ ಕೂಡ, ಬೇಕು ಅಂದವರಿಗೆ. ಕೆಮ್ಮಿನ ವಿಷಯ ಸುಮ್ನೆ ಸೇರಿಸಿದ್ದಲ್ಲ, ಎಚ್‌ಐವಿ ಇರುವವರನ್ನು ಹೆಚ್ಚಾಗಿ ಕೊಲ್ಲುವುದು ಕ್ಷಯ. ಜಾಗ ತೋಟದ ಆಫೀಸು ಬೇಡ. ಅಂಗನವಾಡಿ ಅಥವಾ ಶಾಲೆ ಇರಲಿ, ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಕೋಣೆ ಬೇಕೇ ಬೇಕು. ಎಲ್ಲರೂ ಆ ಕೋಣೆಗೆ ಒಮ್ಮೆ ಹೋಗಿ ಬರಲಿ, ಆಗ ಯಾರು ಯಾಕೆ ಹೋದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ದಿನ ಸಂತೆಯ ದಿನ. ತೋಟದವರಿಗೆ ಅವತ್ತು ರಜೆ, ಕೈಯಲ್ಲಿ ಕೂಲಿ ದುಡ್ಡು ಇರುತ್ತದೆ, ಪೇಟೆಗೆ ಹೇಗೂ ಬರುತ್ತಾರೆ. ಕೆಲಸದ ದಿನ ಮಡಿಕೇರಿಗೆ ಹೋಗಿ ಬನ್ನಿ ಅಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಶನಿವಾರಸಂತೆ ಕಡೆಯವರಾದರೆ ಶನಿವಾರ, ನಿಮ್ಮ ಕಡೆ ನಿಮ್ಮ ಸಂತೆಯ ದಿನ ನೋಡಿಕೊಳ್ಳಿ.

ಇದಕ್ಕೆ ನಿಮ್ಮ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಪಂಚಾಯಿತಿಯಿಂದ ಒಂದು ಪತ್ರ ಸಾಕು. ಅದರ ಪ್ರತಿಯನ್ನು ಮಡಿಕೇರಿಯ ಜಿಲ್ಲಾ ಏಡ್ಸ್ ನಿಯಂತ್ರಣಾಧಿಕಾರಿಗೆ ಕಳಿಸಿ. ಪತ್ರದಲ್ಲಿ ತೋಟಗಳ ಹೆಸರು, ಸುಮಾರು ಎಷ್ಟು ಜನ, ಯಾವ ಭಾಷೆ ಅಂತ ಬರೆಯಿರಿ. ಭಾಷೆ ಬರೆಯುವುದು ಮುಖ್ಯ. ಕಾಂಡೋಮ್ ಹೇಗೆ ಬಳಸಬೇಕು, ಪರೀಕ್ಷೆಗೆ ನಿಮಗೆ ಒಪ್ಪಿಗೆ ಇದೆಯಾ ಅಂತ ಕನ್ನಡದಲ್ಲಿ ಕೇಳಿದಾಗ ಅವರು ಅರ್ಥವಾಗದೆ 'ಹ್ಞೂಂ' ಅಂದರೆ ಅದು ಒಪ್ಪಿಗೆಯಲ್ಲ. ಲೈನಿನಲ್ಲೇ ಹಿಂದಿ, ಕನ್ನಡ ಎರಡೂ ತಕ್ಕಮಟ್ಟಿಗೆ ಬರುವ, ಬಾಯಿ ಬಿಗಿ ಇರುವ ಒಬ್ಬ ಹೆಂಗಸು, ಒಬ್ಬ ಗಂಡಸು ಸಿಕ್ಕೇ ಸಿಗುತ್ತಾರೆ. ಅವರಿಗೆ ತರಬೇತಿ ಕೊಡಿಸಿ. ಮೈಸೂರಿನಲ್ಲಿ ನಡೆದದ್ದೂ ಇದೇ ಅಲ್ವಾ, ತಮ್ಮವರು ತಮ್ಮವರಿಗೆ ಹೇಳಿದ್ದು. ಜೊತೆಗೆ 1097 ಅನ್ನುವ ಉಚಿತ ಸಹಾಯವಾಣಿಯ ನಂಬರನ್ನು ಲೈನಿನ ನಲ್ಲಿ ಹತ್ತಿರ ದೊಡ್ಡದಾಗಿ ಬರೆಸಿ. ಹಿಂದಿಯಲ್ಲೂ ಮಾತಾಡುತ್ತಾರೆ, ಹೆಸರು ಹೇಳಬೇಕಾಗಿಲ್ಲ.

ಕಾಂಡೋಮ್ ವಿಷಯದಲ್ಲಿ ಪಂಚಾಯಿತಿಗಳು ನಾಚುತ್ತವೆ. ನಾಚಬೇಡಿ. ಸರ್ಕಾರದ ನಿರೋಧ್ ಉಚಿತವಾಗಿ ಸಿಗುತ್ತದೆ, ಸಿಕ್ಕರೂ ಆಶಾ ಕಾರ್ಯಕರ್ತೆಯ ಕೈಯಿಂದ ಕೇಳಿ ಪಡೆಯಲು ಹತ್ತೊಂಬತ್ತರ ಹುಡುಗನಿಗೆ ಆಗುವುದಿಲ್ಲ. ಸಾರ್ವಜನಿಕ ಶೌಚಾಲಯದ ಗೋಡೆಗೆ ಒಂದು ಪೆಟ್ಟಿಗೆ ಸಿಕ್ಕಿಸಿ. ಖಾಲಿಯಾದಾಗ ತುಂಬಲು ಒಬ್ಬರನ್ನು ನೇಮಿಸಿ. ಪೆಟ್ಟಿಗೆ ಇಟ್ಟು ತುಂಬದೆ ಬಿಟ್ಟದ್ದನ್ನು ತುಂಬಾ ಕಡೆ ನೋಡಿದ್ದೇನೆ.

ತೋಟದ ಮಾಲೀಕರ ಹತ್ತಿರವೂ ಮಾತಾಡಿ. ಅವರಿಂದ ಪರೀಕ್ಷೆ ಮಾಡಿಸಿ ಅಂತ ಕೇಳಬೇಡಿ. ತಿಂಗಳಿಗೊಂದು ದಿನ ಆಸ್ಪತ್ರೆಗೆ ಹೋಗುವವರಿಗೆ, ಯಾಕೆ ಅಂತ ಕೇಳದೆ, ರಜೆ ಕೊಡಿ ಅಂತ ಕೇಳಿ. ಯಾಕೆ ಅಂತ ಕೇಳದೆ ಅನ್ನುವುದನ್ನು ಎರಡು ಸಲ ಹೇಳಿ. ನೂರು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಎಚ್‌ಐವಿ ಕಾಯ್ದೆಯ ಪ್ರಕಾರ ದೂರು ಕೇಳಲು ಒಬ್ಬರನ್ನು ನೇಮಿಸಬೇಕು ಅನ್ನುವುದನ್ನೂ ನೆನಪಿಸಿ. ತುಂಬಾ ಬೆಳೆಗಾರರಿಗೆ ಇದು ಗೊತ್ತೇ ಇರುವುದಿಲ್ಲ. ಹೇಳಿದರೆ ಬಹಳಷ್ಟು ಜನ ಮಾಡುತ್ತಾರೆ, ನಾನು ಕಂಡಂತೆ.

ಕೊಯ್ಲು ಮುಗಿಸಿ ಊರಿಗೆ ಹೊರಟವರಿಗೂ ಒಂದು ಮಾತು ತಲುಪಲಿ. ಇಲ್ಲಿ ಶುರು ಮಾಡಿದ ಮಾತ್ರೆಯನ್ನು ಅಲ್ಲೂ ಪಡೆಯಬಹುದು. ಹೊರಡುವ ಮುಂಚೆ ಎಆರ್‌ಟಿ ಕೇಂದ್ರದಲ್ಲಿ ಹೇಳಿದರೆ ಅವರ ಊರಿನ ಹತ್ತಿರದ ಕೇಂದ್ರಕ್ಕೆ ವರ್ಗ ಮಾಡಿಕೊಡುತ್ತಾರೆ. ಹೇಳದೆ ಹೋದವರೇ ಜಾಸ್ತಿ.

ಡಿಸೆಂಬರ್ 1ರ ಜಾಥಾ ನಿಲ್ಲಿಸಬೇಕಾಗಿಲ್ಲ. ಮಕ್ಕಳು ರಸ್ತೆಯಲ್ಲಿ ಕೂಗಿ ಹೇಳಿದರೆ ನಾಚಿಕೆ ಸ್ವಲ್ಪ ಕರಗುತ್ತದೆ. ಆದರೆ ಆ ಹೊತ್ತಿಗೆ ಕೊಯ್ಲು ಶುರುವಾಗುತ್ತಿರುತ್ತದೆ, ಜಾಥಾ ನೋಡಬೇಕಾದವರು ತೋಟದೊಳಗೆ ಇರುತ್ತಾರೆ. ಜಾಥಾಕ್ಕೆ ಇಟ್ಟ ದುಡ್ಡಿನಲ್ಲಿ ಅರ್ಧ ಉಳಿಸಿ ಫೆಬ್ರವರಿಯ ಒಂದು ಸಂತೆ ದಿನಕ್ಕೆ ಇಟ್ಟುಕೊಳ್ಳಿ.

ಇನ್ನು ನಿಮ್ಮ ವಾರ್ಡಿನ ಆ ತಾಯಿ. ಅವರಿಗೆ ನೇರವಾಗಿ ಹೋಗಿ 'ನನಗೆ ಗೊತ್ತು' ಅಂತ ಹೇಳಬೇಡಿ, ಅವರು ಅವತ್ತೇ ಲೈನ್ ಬಿಟ್ಟು ಹೋಗಬಹುದು. ಮಾಡಬಹುದಾದದ್ದು ಬೇರೆ ಇದೆ. ನಮ್ಮಲ್ಲಿ ಜೂನಿನಲ್ಲಿ ಮಳೆ ಹಿಡಿದರೆ ಆಗಸ್ಟಿನವರೆಗೆ ಯಾವ ರಸ್ತೆ ಯಾವತ್ತು ಮುಚ್ಚುತ್ತದೆ ಹೇಳಲು ಬರುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಊರೂರೇ ಕಡಿದುಹೋದದ್ದು ನಿಮಗೂ ನೆನಪಿದೆ. ಮಾತ್ರೆ ಸರಿಯಾಗಿ ತಗೊಳ್ಳುತ್ತಿರುವವರಿಗೆ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ವ್ಯವಸ್ಥೆ ಇದೆ. ಮೇ ತಿಂಗಳ ಗ್ರಾಮಸಭೆಯಲ್ಲಿ ಬಿಪಿ, ಶುಗರ್, ಫಿಟ್ಸ್, ಕ್ಷಯ, ಎಆರ್‌ಟಿ ಎಲ್ಲವನ್ನೂ ಸೇರಿಸಿ, 'ದಿನಾ ಮಾತ್ರೆ ನುಂಗುವವರು ಮಳೆ ಹಿಡಿಯುವ ಮುಂಚೆ ಹೆಚ್ಚಿಗೆ ಕೇಳಿ ತಂದಿಟ್ಟುಕೊಳ್ಳಿ' ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ. ಸಭೆಗೆ ಬಾರದ ಲೈನುಗಳಿಗೂ ಆಶಾ ಕಾರ್ಯಕರ್ತೆಯಿಂದ ಇದೇ ಮಾತು ಹೇಳಿಸಿ. ಅವರೂ ಕೇಳಿಸಿಕೊಳ್ಳುತ್ತಾರೆ, ಯಾರೂ ಅವರ ಕಡೆ ತಿರುಗಿ ನೋಡುವುದಿಲ್ಲ.